ಗೋಡೆಯಾಚೆಗೂ ಸಭೆಯುಂಟು

(ಯಾದಗಿರಿಯಲ್ಲಿ ಕ್ರೈಸ್ತ ಸಭೆಯವರೂ ಗಿರಣಿ ಕಾರ್ಮಿಕರೂ ಕೂಡಿದ್ದಾಗ ಮಾಡಿದ ಭಾಷಣ)



ಕೆಂಪು ಬಾವುಟದವನಿಗೆ ಚರ್ಚಿನ ಅಂಗಳದಲ್ಲೇನು ಕೆಲಸವೆಂದು ದಾರಿಯಲ್ಲಿ ಒಬ್ಬರು ಕೇಳಿದರು. ಬಡವನ ಮಾತು ಎಲ್ಲಿ ನಡೆಯುವದೋ ಅಲ್ಲಿ ನಮಗೂ ಕೆಲಸವುಂಟು ಎಂದೆ.

ಈ ಊರಿಗೆ ಮೆಥೋಡಿಸ್ಟ್ ಮಿಶನ್ನಿನವರು ಆಸ್ಪತ್ರೆ ತಂದರು. ಹೋಲ್ಸ್ಟನ್ ಎಂಬ ಅದರ ಹೆಸರು ಅಮೇರಿಕೆಯ ಮೆಥೋಡಿಸ್ಟ್ ಪ್ರಾಂತವೊಂದರದು. ಕಡಲಾಚೆಯವರ ಆ ಉಪಕಾರವನ್ನು ನಾವು ಮರೆಯಬಾರದು. ಆದರೆ ಇಂದು ಕೇಳಬೇಕಾದದ್ದು ಬೇರೆ: ಇಲ್ಲಿಯ ಸಭೆಯು ತನ್ನ ಊರಿಗೆ ಏನು ಕೊಡುವದು?

ಮಂಗಳೂರಿನ ಕಥೆ ನೋಡಿರಿ. 1834ರಲ್ಲಿ ಬಾಸೆಲ್ ಮಿಶನ್ ಅಲ್ಲಿಗೆ ಬಂತು. ದೀಕ್ಷಾಸ್ನಾನ ಹೊಂದಿದ ಅನೇಕರು ಮನೆ, ಕಸಬು ಎರಡನ್ನೂ ಕಳಕೊಂಡರು. ಬರಿಯ ಪ್ರಾರ್ಥನೆಯಿಂದ ಅವರ ಒಲೆ ಹೊತ್ತಲಿಲ್ಲ. ಆದುದರಿಂದ ಮಿಶನ್ 1851ರಲ್ಲಿ ನೇಯ್ಗೆಯನ್ನೂ 1865ರಲ್ಲಿ ಹಂಚಿನ ಕಾರಖಾನೆಯನ್ನೂ ನಡೆಸಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರವು ಅವನ್ನು ವಶಮಾಡಿಕೊಂಡಿತು. ಕಡೆಗೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದುಡಿದವರ ಪಾಲಾಗಲಿಲ್ಲ! ಅವರಿಗುಳಿದದ್ದು ಕೈಯ ವಿದ್ಯೆ. ಅದನ್ನು ಯಾವ ಸರಕಾರವೂ ಜಪ್ತಿ ಮಾಡಲಾರದು.

ಇಂಥ ವಿದ್ಯೆಯೂ ದೇವರ ವರವೇ ಎನ್ನುವವರು ನೀವು. ವರ ಪಡೆದವನು ಅದರ ಒಡೆಯನಲ್ಲ, ಪಾರುಪತ್ಯಗಾರ ಮಾತ್ರ ಎಂಬುದು ಪೇತ್ರನ ಪತ್ರದ ಅಭಿಪ್ರಾಯ. ಪೌಲನು ಡೇರೆ ಮಾಡಿ ಉಂಡನು. ನಮ್ಮ ಶರಣರು ಇದನ್ನೇ ಕಾಯಕ, ದಾಸೋಹ ಎಂದರು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಸುಮಾರು 52. ರಾಜ್ಯದಲ್ಲೆಲ್ಲ ಇದೇ ಕಡಿಮೆ. ನಾನು ಮಾಸ್ತರನಾಗಿದ್ದಾಗ ಸುರಪುರ ಕಡೆಯ ಒಬ್ಬ ತಾಯಿ ಕಾಗದ ಹಿಡಿದು ಬಂದಳು. ಮೂರು ಸಾವಿರ ಸಾಲ ತಂದೆನೆಂದಳು; ಕಾಗದದಲ್ಲಿ ಎಂಟು ಸಾವಿರವಿತ್ತು, ಕೆಳಗೆ ಅವಳದೇ ಹೆಬ್ಬೆಟ್ಟು. ನಾನು ಓದಿ ಹೇಳುವಾಗ ಹೊತ್ತು ಮೀರಿತ್ತು. ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳುವವರು ಅವಳ ಓಣಿಯಲ್ಲಿರಲಿಲ್ಲ. ಆ ಸಾಲ ತೀರಿಸಲು ಮನೆಮಂದಿಯೆಲ್ಲ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು.

ಸಭೆಯ ಕೋಣೆ ವಾರದ ಆರು ಸಂಜೆ ಬೀಗ ಹಾಕಿಕೊಂಡು ಏಕಿರಬೇಕು? ನಿಮ್ಮಲ್ಲಿ ಮಾಸ್ತರರಿದ್ದಾರೆ, ಅಕ್ಷರ ಕಲಿಸಲಿ. ಲೆಕ್ಕ ಬಲ್ಲವರು ಪಗಾರ ಚೀಟಿ, ಭವಿಷ್ಯನಿಧಿ, ಸಾಲಪತ್ರ ಓದಿ ಹೇಳಲಿ. ದಾದಿಯರು ಬಸುರಿ ಬಾಣಂತಿಯರ ಆರೈಕೆ ತಿಳಿಸಲಿ. ಅಂಗಡಿಕಾರ ಮಿತ್ರರು ಪಾಟಿ, ಪುಸ್ತಕ ಕೊಡಲಿ.

ಆದರೆ ಮೂರು ಮಾತು. ಬಂದವನ ಜಾತಿ ಮತ ಕೇಳಕೂಡದು. ಸೇವೆಯನ್ನು ಗಾಳಕ್ಕೆ ಕಟ್ಟಿದ ಎರೆಯಾಗಿ ಮಾಡಕೂಡದು. ನಡೆಸುವ ಕಮಿಟಿಯಲ್ಲಿ ಕೂಲಿಕಾರನೂ ಕೂಡಬೇಕು. ಅವನು ಭಿಕ್ಷೆಗೆ ಬಂದವನಲ್ಲ. ಮೂರನೆಯದು, ಚರ್ಚಿನ ಕಸ ಗುಡಿಸುವವನಿಗೆ ನ್ಯಾಯವಾದ ಕೂಲಿ ಮೊದಲು ಸಿಗಬೇಕು. ಹಕ್ಕಿನ ಕೂಲಿ ಹಿಡಿದು ದಾನ ಮಾಡಿದರೆ ಅದು ದಾನವಲ್ಲ.

ಬರುವ ಸೋಮವಾರ ಸಂಜೆ ಬೀಗ ತೆಗೆಯಿರಿ. ಮೊದಲ ಪಾಠಕ್ಕೆ ಸೀಮೆಸುಣ್ಣ ಹಿಡಿದು ನಾನು ಬರುತ್ತೇನೆ.