ದೀಪವೂ ಹೊಳೆಯ ಹುಳುಗಳೂ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದೀಪದ ವಿರುದ್ಧ ಮಾತನಾಡಲು ನಾನು ಇಲ್ಲಿ ನಿಂತಿಲ್ಲ. ರಾತ್ರಿಪಾಳಿ ಮುಗಿಸಿ ಕತ್ತಲ ಗಲ್ಲಿಯಲ್ಲಿ ಮನೆಗೆ ನಡೆದವರಿಗೆ ಬೀದಿದೀಪದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ದಾರಿಗೆಂದು ಹಚ್ಚಿದ ದೀಪ ಪಕ್ಕದ ಹೊಳೆಯ ಮೇಲೂ ಬೀಳುತ್ತದೆ. ಅಲ್ಲಿಯೂ ರಾತ್ರಿಪಾಳಿಯ ಜೀವಿಗಳಿವೆ. ಅವುಗಳ ಪರವಾಗಿ ಎರಡು ಮಾತು ಹೇಳುತ್ತೇನೆ.

ಹರಿಯುವ ಹೊಳೆಯಲ್ಲಿ ಒಂದು ಕಲ್ಲನ್ನು ಮಗುಚಿ ನೋಡಿದರೆ ಅದರ ಅಡಿಯಲ್ಲಿ ಸಣ್ಣ ಸಣ್ಣ ಹುಳುಗಳು ಅಂಟಿಕೊಂಡಿರುತ್ತವೆ. ಪಾಚಿ, ಕೊಳೆತ ಎಲೆ ಇವುಗಳ ಆಹಾರ. ಇವು ಮೀನಿನ ಆಹಾರ. ಹಗಲಲ್ಲಿ ಹೊರಬಂದರೆ ಮೀನಿನ ಕಣ್ಣಿಗೆ ಬೀಳುವ ಭಯ. ಆದುದರಿಂದ ಕತ್ತಲಾದ ಮೇಲೆ ಕಲ್ಲು ಬಿಟ್ಟು, ನೀರಿನೊಡನೆ ಕೆಳಕ್ಕೆ ತೇಲಿ, ಹೊಸ ಮೇವಿನ ಜಾಗ ಹಿಡಿಯುತ್ತವೆ. ಅಮೆರಿಕದ ಥಾಮಸ್ ವಾಟರ್ಸ್ 1962ರಲ್ಲಿ ಇದನ್ನು ವಿವರವಾಗಿ ಬರೆದರು. ಬೆಳದಿಂಗಳ ರಾತ್ರಿ ಈ ತೇಲಾಟ ಕುಗ್ಗುವುದನ್ನೂ ಸಂಶೋಧಕರು ಕಂಡಿದ್ದಾರೆ. ಹುಣ್ಣಿಮೆಯಾದರೋ ತಿಂಗಳಿಗೊಮ್ಮೆ ಬಂದು ಹೋಗುತ್ತದೆ. ಬೀದಿದೀಪಕ್ಕೆ ಅಮಾವಾಸ್ಯೆಯೇ ಇಲ್ಲ.

ಎಲ್ಲವೂ ಕೆಳಕ್ಕೇ ತೇಲಿದರೆ ಹೊಳೆಯ ಮೇಲ್ಭಾಗ ಬರಿದಾಗಬೇಡವೇ ಎಂದು ತಾವು ಕೇಳಬಹುದು. ಸ್ವೀಡನ್ನಿನ ಹೊಳೆಗಳನ್ನು ಅಭ್ಯಸಿಸಿದ ಕಾರ್ಲ್ ಮ್ಯೂಲರ್ 1954ರಲ್ಲಿ ಉತ್ತರ ಸೂಚಿಸಿದರು: ರೆಕ್ಕೆ ಬಂದ ಹುಳುಗಳು ಹೊಳೆಯ ಮೇಲ್ಮುಖವಾಗಿ ಹಾರಿ ಮೊಟ್ಟೆಯಿಡುತ್ತವೆ.

ಆ ಹಾರಾಟಕ್ಕೆ ದೀಪ ಅಡ್ಡ ಬಂದರೆ ಏನಾದೀತೆಂಬುದಕ್ಕೆ ಹಂಗೇರಿಯಲ್ಲಿ ಒಂದು ದೃಷ್ಟಾಂತವಿದೆ. ಡ್ಯಾನ್ಯೂಬ್ ನದಿಯಲ್ಲಿ ಮೇಫ್ಲೈ ಎಂಬ ಜಾತಿಯ ಹುಳುವಿದೆ. ನದಿಯ ತಳದಲ್ಲಿ ಬೆಳೆದು, ಬೇಸಗೆಯ ಕೊನೆಯ ಸಂಜೆಗಳಲ್ಲಿ ರೆಕ್ಕೆ ಪಡೆದು, ಕೆಲವೇ ಗಂಟೆ ಬದುಕುತ್ತದೆ. ಅಷ್ಟರೊಳಗೆ ಮೊಟ್ಟೆಯಿಡಬೇಕು. ಟಾಹಿಟೋಟ್‌ಫಾಲು ಎಂಬ ಊರಿನ ಸೇತುವೆಯ ಬಳಿ ಬಂದಾಗ ದೀಪಗಳು ಈ ಹುಳುಗಳನ್ನು ಮೇಲಕ್ಕೆ ಸೆಳೆಯುತ್ತವೆ. ಅಲ್ಲಿಯ ಡಾಂಬರು ರಸ್ತೆ ಬೆಳಕನ್ನು ನೀರಿನ ರೀತಿಯಲ್ಲೇ ಪ್ರತಿಫಲಿಸುತ್ತದೆ. ಅದನ್ನೇ ಹೊಳೆಯೆಂದು ನಂಬಿ ಹೆಣ್ಣು ಹುಳುಗಳು ಡಾಂಬರಿನ ಮೇಲೆ ಮೊಟ್ಟೆಯಿಟ್ಟು ಸಾಯುತ್ತವೆ. ಮುಂದಿನ ವರ್ಷದ ಸಂತಾನ ರಸ್ತೆಯಲ್ಲೇ ಒಣಗುತ್ತದೆ. ಮೀನಿನ ಪಾಲಿನ ಆಹಾರವೂ ಅಷ್ಟು ಕಡಮೆಯಾಯಿತು.

ಆ ದೇಶದ ವಿಜ್ಞಾನಿಗಳು ಸೇತುವೆಯ ಬಳಿ, ನೀರಿಗೆ ಸಮೀಪದಲ್ಲಿ ಬೇರೆ ದೀಪಗಳನ್ನಿಟ್ಟು ಪರೀಕ್ಷಿಸಿದರು. ಹುಳುಗಳು ರಸ್ತೆಗೇರದೆ ನೀರಿನ ಬಳಿಯೇ ಉಳಿದವು. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೇಡು ದೀಪದಿಂದ ಬಂದಿತು. ಪರಿಹಾರವೂ ದೀಪದಿಂದಲೇ ಬಂದಿತು. ಅದನ್ನು ಎಲ್ಲಿಡುತ್ತೇವೆಂಬುದೇ ಮುಖ್ಯ.

ನಮ್ಮ ದೇಶದಲ್ಲಿ 2015ರಿಂದ ಹಳೆಯ ಬೀದಿದೀಪಗಳ ಬದಲಿಗೆ ಎಲ್‌ಇಡಿ ಹಾಕುವ ರಾಷ್ಟ್ರೀಯ ಕಾರ್ಯಕ್ರಮ ನಡೆಯಿತು. ವಿದ್ಯುತ್ತು ಉಳಿಯಿತು, ಸಂತೋಷ. ಆದರೆ ನೀಲಿ ಬೆರೆತ ಬಿಳಿ ಬೆಳಕು ಹಳದಿ ಬೆಳಕಿಗಿಂತ ಹೆಚ್ಚು ಹುಳುಗಳನ್ನು ಸೆಳೆಯುತ್ತದೆ. ಆದುದರಿಂದ ನೀರಿನ ದಂಡೆಯಲ್ಲಿ ಹಳದಿ ಛಾಯೆಯ ದೀಪ ಒಳ್ಳೆಯದು. ನೀರಿನ ಕಡೆಗೆ ಒಂದು ತಗಡಿನ ಮರೆ ಇದ್ದರೆ ಇನ್ನೂ ಒಳ್ಳೆಯದು. ಜನಸಂಚಾರ ನಿಂತ ಹೊತ್ತಿನಲ್ಲಿ ಬೆಳಕನ್ನು ತಗ್ಗಿಸಲೂಬಹುದು.

ಇದು ದೊಡ್ಡ ಖರ್ಚಿನ ಕೆಲಸವಲ್ಲ. ಕಂಬ ಹತ್ತುವ ವೈರ್‌ಮನ್ ಬಂಧುಗಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಬೀದಿದೀಪ ಬೇಕೆಂದು ಅರ್ಜಿ ಬರೆಯುವಾಗ ನಾವು ಒಂದು ಸಾಲನ್ನು ಹೆಚ್ಚಿಗೆ ಬರೆಯೋಣ: ಬೆಳಕು ನಡೆಯುವವರ ಕಾಲಬುಡಕ್ಕೆ ಬೀಳಲಿ, ನೀರಿನ ಮೇಲೆ ಬೇಡ.