ಹಳೆಯ ಪತ್ರಿಕೆಯೊಳಗಿನ ‘ಶರಪಂಜರ’

ಪುಸ್ತಕಕ್ಕೆ ರಟ್ಟುಂಟು, ಬೀರುವುಂಟು. ಪತ್ರಿಕೆಗೆ ರದ್ದಿಯಂಗಡಿಯ ತಕ್ಕಡಿಯೇ ಗತಿ. ನಮ್ಮ ಮಂಡಿ ಮೊಹಲ್ಲಾದ ದಿನಸಿ ಅಂಗಡಿಗಳಿಂದ ಎಷ್ಟೋ ಮಂದಿ ಚಿತ್ರತಾರೆಯರು ಕಡಲೆಬೇಳೆಯ ಪೊಟ್ಟಣಗಳಾಗಿ ಮನೆಮನೆಗೆ ಬಂದದ್ದುಂಟು. ಆ ಗತಿಯಿಂದ ಪಾರಾದ ಚಿತ್ರಪತ್ರಿಕೆಯೊಂದು ನನ್ನ ತಾಯಿಯವರ ಟ್ರಂಕಿನಲ್ಲಿ ಉಳಿದಿದೆ. ಹೊದಿಕೆ ಹರಿದು ಹೆಸರು ಹೋಗಿದೆ. 1971ರಲ್ಲಿ ತೆರೆಕಂಡ ‘ಶರಪಂಜರ’ದ ವಿಚಾರ ಅದರಲ್ಲಿರುವುದರಿಂದ ಕಾಲವನ್ನು ಊಹಿಸಬಹುದು.

ಚಿತ್ರದ ನಿರ್ದೇಶಕರು ಪುಟ್ಟಣ್ಣ ಕಣಗಾಲ್. ಕಣಗಾಲು ನಮ್ಮ ಜಿಲ್ಲೆಯದೇ ಊರು. ಬಿ. ಆರ್. ಪಂತುಲು ಅವರ ಬಳಿ ಕೆಲಸ ಕಲಿತ ಪುಟ್ಟಣ್ಣನವರು 1967ರಲ್ಲಿ ‘ಬೆಳ್ಳಿಮೋಡ’ವನ್ನು ತಂದರು. ಅದೂ ‘ಶರಪಂಜರ’ವೂ ತ್ರಿವೇಣಿಯವರ ಕಾದಂಬರಿಗಳು, ಎರಡರಲ್ಲಿಯೂ ನಾಯಿಕೆ ಕಲ್ಪನಾ. ಪುಟ್ಟಣ್ಣನವರು 1985ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ದೃಶ್ಯ ಬಿಡದೆ ಬಾಯಿಪಾಠ ಒಪ್ಪಿಸುವ ಭಕ್ತರು ಇಂದಿಗೂ ಇದ್ದಾರೆ.

ಇನ್ನು ಪತ್ರಿಕೆಗೆ ಬರೋಣ. ಎರಡು ಪುಟಗಳ ತುಂಬ ಕಲ್ಪನಾ ಅವರ ಭಾವಚಿತ್ರಗಳು: ಉದ್ದ ತೋಳಿನ ರವಿಕೆ, ಎತ್ತಿ ಕಟ್ಟಿದ ತುರುಬು, ಅಂಚು ಎದ್ದು ಕಾಣುವಂತೆ ಹೊದ್ದ ಸೆರಗು. ಚಲನಚಿತ್ರವೇನೋ ಬಣ್ಣದ್ದು, ಪತ್ರಿಕೆಯ ಒಳಪುಟ ಮಾತ್ರ ಕಪ್ಪುಬಿಳುಪು. ಆ ಕೊರತೆಯನ್ನು ನನ್ನ ತಾಯಿಯವರು ತಾವೇ ತುಂಬಿಕೊಂಡಿದ್ದಾರೆ. ಚಿತ್ರವನ್ನು ನೋಡಿ ಬಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಕನಕಾಂಬರ’, ‘ಗಿಳಿಹಸಿರು’, ‘ಇದು ನೆನಪಿಲ್ಲ’ ಎಂದು ಗುರುತು ಹಾಕಿದ್ದಾರೆ. ಆಮೇಲೆ ಆ ಪುಟವನ್ನೇ ಹೊಲಿಗೆಯ ಸಾಹೇಬರ ಮುಂದೆ ಹಿಡಿದರಂತೆ. ಸಾಹೇಬರು ಕನ್ನಡಕ ಏರಿಸಿ ನೋಡಿ, “ಈ ತೋಳಿಗೆ ಬಟ್ಟೆ ಸಾಲೋದಿಲ್ಲ ತಾಯಿ, ಇನ್ನೂ ಕಾಲು ಗಜ ಬೇಕು” ಎಂದರಂತೆ.

ಕನ್ನಡದಲ್ಲಿ ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ. ಒಂದೊಂದಕ್ಕೂ ಬೇರೆ ಕ್ರಿಯಾಪದ. ಎಲ್ಲಕ್ಕೂ ‘ಹಾಕಿಕೊಳ್ಳು’ ಎನ್ನುವ ಈಗಿನ ಹುಡುಗರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಇರಲಿ. ಆ ಪುಟಗಳಲ್ಲಿ ಉಟ್ಟದ್ದು, ತೊಟ್ಟದ್ದು, ಮುಡಿದದ್ದು ಎಲ್ಲವೂ ಇದೆ. ಕಥೆಗೆ ಸಿಕ್ಕಿರುವುದು ನಾಲ್ಕು ಸಾಲು.

ಆ ಕಥೆಯಾದರೂ ಎಂಥದು! ಬಾಣಂತನದ ಬಳಿಕ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳು ನಕ್ಕರೂ ಅತ್ತರೂ ಸುತ್ತಲಿನವರಿಗೆ ಅನುಮಾನ. ಗಂಡನೇ ದೂರ ಸರಿಯುತ್ತಾನೆ. ಅವನಿಗೆ ಬೇರೊಬ್ಬಳ ಸಂಗವಿರುವುದು ತಿಳಿದಾಗ ಅವಳ ಬುದ್ಧಿ ಮತ್ತೆ ಕೈತಪ್ಪುತ್ತದೆ. ಶರಪಂಜರವೆಂದರೆ ಬಾಣಗಳ ಪಂಜರ. ಖಾಂಡವದಹನದಲ್ಲಿ ಇಂದ್ರನ ಮಳೆಯನ್ನು ತಡೆಯಲು ಅರ್ಜುನನು ಬಾಣಗಳನ್ನು ಹೆಣೆದು ಮುಸುಕು ಕಟ್ಟಿದನಲ್ಲ, ಅದು ಅಗ್ನಿಗೆ ಆಶ್ರಯವಾಯಿತು. ಕಾವೇರಿಯ ಸುತ್ತ ಹೆಣೆದ ಬಾಣಗಳು ಮನೆಯವರ, ನೆರೆಯವರ ಮಾತುಗಳು. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರಿಗೆ ಆ ಶೀರ್ಷಿಕೆಯ ತೂಕ ತಿಳಿದಿತ್ತು. ಮೈಸೂರಿನಲ್ಲಿಯೇ ಬಾಳಿದ ಅವರು 1963ರಲ್ಲಿ ತೀರಿಕೊಂಡರು, ಚಿತ್ರವನ್ನು ಕಾಣಲಿಲ್ಲ.

ಪುಟ್ಟಣ್ಣನವರು ಕಾವೇರಿಗೆ ಅಷ್ಟು ಸಿಂಗಾರ ಮಾಡಿದ್ದು ಏಕೆ? ಸೀರೆಯಂಗಡಿಗೆ ವ್ಯಾಪಾರವಾಗಲೆಂದಲ್ಲ. ಅವಳು ನಮ್ಮ ಮನೆಯ ಮಗಳಂತೆ, ನಮ್ಮ ಸೊಸೆಯಂತೆ ಕಾಣಬೇಕು. ಹುಚ್ಚು ಎಂಬುದು ಎಲ್ಲೋ ಗೋಡೆಯಾಚೆಯ ಮಾತಲ್ಲ ಎಂದು ನೋಡುವವರ ಎದೆಗೆ ತಾಗಬೇಕು. ಹಾಗೆಂದೇ ನನ್ನ ತಿಳಿವಳಿಕೆ. ನೋಡಿದವರು ತೋಳಿನ ಅಳತೆಯನ್ನು ಹಿಡಿದುಕೊಂಡರು.

ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಒಬ್ಬ ಗೃಹಿಣಿಯಿದ್ದರು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು, ಗುಣವಾಗಿ ಬಂದಿದ್ದರು. ಅರಿಶಿನ-ಕುಂಕುಮಕ್ಕೆ ಅವರನ್ನು ಬಿಟ್ಟು ಉಳಿದೆಲ್ಲರಿಗೂ ಕರೆ ಹೋಗುತ್ತಿತ್ತೆಂದು ನನ್ನ ತಾಯಿಯವರು ಹೇಳುತ್ತಿದ್ದರು. ಆಕೆಯೂ ಅದೇ ಸಾಹೇಬರಲ್ಲಿ ಅದೇ ಮಾದರಿಯ ರವಿಕೆಯನ್ನು ಹೊಲಿಸಿದ್ದರು, ‘ಶರಪಂಜರ’ವನ್ನೂ ನೋಡಿದ್ದರು. ಚಿತ್ರ ಹೇಗಿತ್ತೆಂದು ಓಣಿಯಲ್ಲಿ ಒಬ್ಬರೂ ಆಕೆಯನ್ನು ಕೇಳಲಿಲ್ಲವಂತೆ.