ರಾತ್ರಿ ಬಾಗಿಲು ತೆರೆಯುವ ಗಿಡಗಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವುದು ಕಂಪ್ಯೂಟರ್ ಕೆಲಸ. ಆದರೂ ಇವತ್ತು ಗಿಡಗಳ ವಿಷಯ ಮಾತಾಡುತ್ತೇನೆ. ಅದಕ್ಕೆ ಕಾರಣವಿದೆ. ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಅಡಿಕೆ ತೋಟ ಒಣಗಿತು. ಅಪ್ಪ ಮೂರು ಬೋರ್ ಕೊರೆಸಿದರು. ಎರಡರಲ್ಲಿ ಬರೀ ಧೂಳು ಬಂತು. ಮೂರನೆಯದು ಎರಡು ಬೇಸಿಗೆ ನಡೆದು ನಿಂತಿತು. ಸಾಲ ಮಾತ್ರ ನಾನು ಕೆಲಸಕ್ಕೆ ಸೇರುವ ತನಕ ಉಳಿಯಿತು. ಅದೇ ವರ್ಷ ನಾನು ‘ಪತ್ರರಂಧ್ರ’, ‘ಬಾಷ್ಪವಿಸರ್ಜನೆ’ ಎಂದು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದೆ. ಆ ಪದಗಳಿಗೂ ನಮ್ಮ ತೋಟಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಹೊಳೆದದ್ದು ಅಮೆರಿಕದ ಅರಿಜೋನಾದಲ್ಲಿ. ಕಂಪನಿ ಕೆಲಸದ ಮೇಲೆ ಫೀನಿಕ್ಸ್ ನಗರದಲ್ಲಿದ್ದೆ. ಅದು ಸೊನೋರನ್ ಮರುಭೂಮಿ. ವರ್ಷಕ್ಕೆ ಸುಮಾರು 18 ಸೆಂ.ಮೀ. ಮಳೆ; ನಮ್ಮ ಬಯಲುಸೀಮೆಯ ಮಳೆಯ ಅರ್ಧವೂ ಅಲ್ಲ. ಅಲ್ಲಿ ಸಗ್ವಾರೊ ಎಂಬ ಕಳ್ಳಿ 40 ಅಡಿ ಎತ್ತರ ಬೆಳೆದು, 150 ವರ್ಷ ಬದುಕುತ್ತದೆ. ಅದರ ಬೇರು ಆಳದಲ್ಲಿರಬೇಕೆಂದುಕೊಂಡಿದ್ದೆ. ಹಾಗಲ್ಲ. ಹೆಚ್ಚಿನ ಬೇರುಗಳು ನಾಲ್ಕಾರು ಅಂಗುಲ ಆಳದಲ್ಲೇ, ಗಿಡ ಎಷ್ಟು ಎತ್ತರವೋ ಅಷ್ಟು ದೂರ ಸುತ್ತಲೂ ಹರಡಿರುತ್ತವೆ. ಮಳೆ ಬಿದ್ದೊಡನೆ ನೀರು ಹೀರುತ್ತವೆ. ಕಾಂಡದ ಮೇಲಿನ ಮಡಿಕೆಗಳು ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಂಡು ಅದನ್ನು ತುಂಬಿಟ್ಟುಕೊಳ್ಳುತ್ತವೆ. ಮೈಗೆ ಮೇಣದ ಹೊದಿಕೆ. ಎಲೆಗಳೇ ಮುಳ್ಳಾಗಿರುವುದರಿಂದ ನೀರು ಆರುವ ಜಾಗವೂ ಕಡಿಮೆ.

ಆದರೆ ದೊಡ್ಡ ಜಾಣತನ ಬೇರೆ. ಆಹಾರ ತಯಾರಿಸಲು ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ರಂಧ್ರ ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಹೆಚ್ಚಿನ ಗಿಡಗಳು ಹಗಲಲ್ಲಿ ತೆರೆಯುತ್ತವೆ. ಕಳ್ಳಿ ರಾತ್ರಿಯ ತಂಪಿನಲ್ಲಿ ತೆರೆದು, ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬಿಸಿಲೇರುವ ಮೊದಲೇ ಮುಚ್ಚುತ್ತದೆ. ಹಗಲಲ್ಲಿ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ.

ಇದರ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞರು ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡಿದ್ದವರು. ಒಂದು ಗಿಡದ ಎಲೆ ಬೆಳಿಗ್ಗೆ ಹುಳಿಯಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುತ್ತದೆ ಎಂದು ಅವರು ಬರೆದದ್ದು 1815ರಲ್ಲಿ ಅಚ್ಚಾಯಿತು. ಅದು ಬೇರೆ ಯಾವುದೂ ಅಲ್ಲ, ನಾವೆಲ್ಲ ಪುಸ್ತಕದೊಳಗೆ ಎಲೆಯಿಟ್ಟು ಮರಿ ಬರಲಿ ಎಂದು ಕಾಯುತ್ತಿದ್ದೆವಲ್ಲ, ಆ ಬ್ರಯೋಫಿಲಂ! ರಾತ್ರಿ ಕೂಡಿಟ್ಟ ಆಮ್ಲವೇ ಆ ಹುಳಿ.

ಈ ಜಾಣತನಕ್ಕೂ ಬೆಲೆಯಿದೆ, ಮಿತಿಯಿದೆ. ಸಗ್ವಾರೊ ಮೊದಲ ಎಂಟು ವರ್ಷದಲ್ಲಿ ಎರಡು ಅಂಗುಲವೂ ಬೆಳೆಯುವುದಿಲ್ಲ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ದಾಟಿತು. ರಾತ್ರಿಯೂ ತಂಪಾಗಲಿಲ್ಲ. ಶತಮಾನ ಕಂಡ ಕಳ್ಳಿಗಳೂ ತೋಳು ಕಳಚಿ ಬಿದ್ದವು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಅದಕ್ಕೂ ಆಗ್ಲಿಲ್ವಾ?” ಅಂದರು.

ಅಪ್ಪನನ್ನು ನಾನು ದೂರುವುದಿಲ್ಲ. ಆಗ ಊರಿಗೆ ಊರೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀರು ಎಲ್ಲಿದೆ? ನಮ್ಮಲ್ಲಿರುವ ನೀರು ಎಲ್ಲಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ, ಪತ್ರರಂಧ್ರದ ಪಾಠ ಕಲಿತ ನಾನೂ ಕೇಳಲಿಲ್ಲ. ಹೊದಿಕೆಯಿಲ್ಲದ ನೆಲ, ಮಧ್ಯಾಹ್ನ ಹಾಯಿಸಿದ ನೀರು, ಒಣಭೂಮಿಯಲ್ಲಿ ಅಡಿಕೆ. ಎಲ್ಲ ಬಾಗಿಲೂ ತೆರೆದೇ ಇತ್ತು.

ಈ ಶಾಲೆಯ ಸೂರು 200 ಚದರ ಮೀಟರ್ ಇದೆ ಎಂದಿಟ್ಟುಕೊಳ್ಳಿ. ಒಂದು ಸೆಂ.ಮೀ. ಮಳೆ ಬಿದ್ದರೆ 2000 ಲೀಟರ್ ನೀರು. ಅದನ್ನು ಹಿಡಿಯಲು ತೊಟ್ಟಿ ಕಟ್ಟಿಸುವ ಖರ್ಚು ನಮ್ಮ ಬ್ಯಾಚಿನದು.

ಮಕ್ಕಳೇ, ನಿಮಗೊಂದು ಕೆಲಸ. ಬ್ರಯೋಫಿಲಂ ಎಲೆಯನ್ನು ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಅರೆದು, ರಸವನ್ನು ಪಿಎಚ್ ಕಾಗದದಲ್ಲಿ ಪರೀಕ್ಷಿಸಿ. ಬಾಯಿಗೆ ಹಾಕಬೇಡಿ. ಬಣ್ಣದ ವ್ಯತ್ಯಾಸವನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ತೋರಿಸಿ. ನಾನು ಅವತ್ತು ತೋರಿಸಲಿಲ್ಲ.